ಮೂರು ಗೋಡೆಯ ಮನೆ

ನಮ್ಮ ಮನೆಗೆ ಮೂರೇ ಗೋಡೆ ಎಂಬ ಸಂಗತಿ ನನಗೆ ತಿಳಿದದ್ದು ತಲೆಯಲ್ಲಿ ನಾಲ್ಕು ಬಿಳಿ ಕೂದಲು ಬಂದ ಮೇಲೆ. ಅದರಲ್ಲೂ ನಾನು ಡ್ರಾಯಿಂಗ್ ಮಾಸ್ತರ. ಚಿಕ್ಕೋಡಿಯ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಕರಿಹಲಗೆಯ ಮೇಲೆ ಮನೆ ಬರೆದು ತೋರಿಸಿದವನು: ಒಂದು ಬಾಗಿಲು, ಎರಡು ಕಿಟಕಿ, ಹಿಂದೆ ಗುಡ್ಡ, ಗುಡ್ಡದ ನಡುವೆ ಸೂರ್ಯ. ಆ ಮನೆ ಯಾವಾಗಲೂ ಒಂಟಿ. ಅದರ ಪಕ್ಕದಲ್ಲಿ ಇನ್ನೊಬ್ಬರ ಮನೆ ಇರಬಹುದೆಂದು ನನಗಾಗಲಿ ನನ್ನ ವಿದ್ಯಾರ್ಥಿಗಳಿಗಾಗಲಿ ಒಮ್ಮೆಯೂ ಹೊಳೆದಿರಲಿಲ್ಲ.

ನಾವಿರುವ ಗಲ್ಲಿಯಲ್ಲಿ ಮಾತ್ರ ಒಂಟಿ ಮನೆ ಎಂಬುದೇ ಇಲ್ಲ. ಎಲ್ಲವೂ ಒಂದರ ಹೆಗಲಿಗೆ ಇನ್ನೊಂದು ಹೆಗಲು ಕೊಟ್ಟು ನಿಂತಿವೆ. ಎಂಬತ್ತರ ದಶಕದಲ್ಲಿ ಕಬ್ಬಿನ ದುಡ್ಡು, ದ್ರಾಕ್ಷಿಯ ದುಡ್ಡು ಊರೊಳಗೆ ಬಂತು ನೋಡಿ, ಹಳೆಯ ಮನೆಗಳು ಅಲ್ಲೊಂದು ಇಲ್ಲೊಂದು ಉರುಳಿ, ಬಿದ್ದ ಹಲ್ಲಿನ ಜಾಗದಲ್ಲಿ ಹೊಸ ಹಲ್ಲು ಕಟ್ಟಿಸಿಕೊಂಡಂತೆ ಸಿಮೆಂಟಿನ ಮನೆಗಳು ಏಳತೊಡಗಿದವು. ಒಂದಕ್ಕೆ ಗುಲಾಬಿ ಬಣ್ಣ, ಒಂದಕ್ಕೆ ನವಿಲಿನ ಗ್ರಿಲ್ಲು, ಇನ್ನೊಂದಕ್ಕೆ ಕಂಬದ ತುದಿಯಲ್ಲಿ ಸಿಮೆಂಟಿನ ಕಮಲ. ಇಂಥ ಸಂದಿ ಮನೆಗಳ ಬಗ್ಗೆ ನನ್ನದೇ ಒಂದು ಸಿದ್ಧಾಂತವಿತ್ತು. ನಿಪ್ಪಾಣಿ ಬಸ್ಸಿನಲ್ಲಿ ಇಬ್ಬರು ಕೂತ ಸೀಟಿಗೆ ಮೂರನೆಯವನು ‘ಸ್ವಲ್ಪ ಸರೀರಿ’ ಎಂದು ಬಂದು ಕೂರುತ್ತಾನಲ್ಲ, ಅವನು ಕೂರುವ ರೀತಿಯಲ್ಲೇ ಅವನ ಮನೆತನ ಗೊತ್ತಾಗುತ್ತದೆ. ಸಂದಿಯಲ್ಲಿ ಕಟ್ಟಿದ ಮನೆಯ ಅಂದವೂ ಅಷ್ಟೇ, ಅದು ಹೇಗೆ ಕೂತಿತು ಅನ್ನುವುದರಲ್ಲಿದೆ. ಈ ಸಿದ್ಧಾಂತವನ್ನು ಚಹಾದಂಗಡಿಯಲ್ಲಿ ಬಹಳ ಸಲ ಮಂಡಿಸಿದ್ದೆ. ಚಹಾ ಕುಡಿಸುವವನೂ ನಾನೇ ಆಗಿದ್ದರಿಂದ ಯಾರೂ ವಿರೋಧಿಸಿರಲಿಲ್ಲ.

ಬಹಳ ದಿನ ಬೀಗ ಹಾಕಿಕೊಂಡಿದ್ದ ಪಕ್ಕದ ಮನೆಯನ್ನು ಶಿರಗುಪ್ಪಿಯ ತಾರಾಬಾಯಿ ಕೊಂಡರು. ಗಂಡ ಊರಲ್ಲಿ ಕಬ್ಬು, ದ್ರಾಕ್ಷಿ ನೋಡಿಕೊಳ್ಳುವುದು, ತಾವು ಇಲ್ಲಿದ್ದು ಮಕ್ಕಳನ್ನು ಓದಿಸುವುದು ಎಂದು ಅವರ ಲೆಕ್ಕಾಚಾರ. ಇಂಜಿನಿಯರ್ ಬರೆದುಕೊಟ್ಟ ಮನೆಯ ಮುಂಭಾಗದ ನಕ್ಷೆಯನ್ನು ಸುರುಳಿ ಸುತ್ತಿಕೊಂಡು ನಮ್ಮ ಕಟ್ಟೆಗೆ ಬಂದರು.

‘ಮಾಸ್ತರ್ರ, ನೀವು ಚಿತ್ರಾ ಬಲ್ಲವರು. ಹೆಂಗಾಗೇತಿ ಹೇಳ್ರಿ.’

ಎರಡು ಅಂತಸ್ತು, ಪೋರ್ಚು, ದಪ್ಪ ಕಂಬಗಳು, ಕಂಬಕ್ಕೆಲ್ಲ ಕಮಲ, ನೆತ್ತಿಯ ಮೇಲೆ ಉದಯಿಸುವ ಸೂರ್ಯ. ನನ್ನ ನಾಲಿಗೆ ಸುಮ್ಮನಿರಬಾರದೇ?

‘ಕಾರಹುಣ್ಣಿವಿ ಎತ್ತಿನ ಕೋಡಿಗೆ ಹಿತ್ತಾಳಿ ಕೋಡಣಸು ಏರಿಸಿದಂಗ ಆಗೇತ್ರಿ’ ಎಂದುಬಿಟ್ಟೆ.

ಅವರು ನಕ್ಕು, ನಕ್ಷೆ ಸುತ್ತಿಕೊಂಡು ಹೋದರು.

ಬೇಸಿಗೆಯ ಕೊನೆಗೆ ಹಳೆಯ ಮನೆ ಕೆಡವಲು ಶುರುವಾಯಿತು. ಒಂದು ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದೆ. ಮೇಲಿನಿಂದ ಒಂದು ಹೆಂಟೆ ಮಣ್ಣು ದಬ್ಬನೆ ರೊಟ್ಟಿಯ ಮೇಲೆ ಬಿತ್ತು. ಆಚೆಯಿಂದ ‘ಏ ನಿಲ್ಲಸ್ರಿ, ನಿಲ್ಲಸ್ರಿ’ ಎಂಬ ಕೂಗು. ಗೌಂಡಿ ಓಡಿಬಂದ.

‘ಮಾಸ್ತರ್ರ, ನಿಮ್ಮ ತೊಲಿ ತುದಿ ನಮಗ ಕಾಣಾಕತ್ತಾವ್ರಿ!’

ಹೋಗಿ ನೋಡಿದರೆ ಹೌದು. ನಮ್ಮ ಮಾಳಿಗೆಯ, ಅಂದರೆ ಮಣ್ಣಿನ ಚಾವಣಿಯ, ಭಾರ ಹೊತ್ತ ತೊಲೆಗಳೆಲ್ಲ ಎರಡೂ ಮನೆಗಳ ನಡುವಿನ ಗೋಡೆಯ ಆಚೆ ಬದಿಗೆ ಮೂತಿ ಹಾಕಿದ್ದವು. ಆ ಬದಿಗೆ ನಮ್ಮದೆಂಬ ಗೋಡೆಯೇ ಇರಲಿಲ್ಲ. ಒಳಗೆ ಬಂದು ಅವ್ವನಿಗೆ ಹೇಳಿದೆ. ಆಕೆ ಕಾಳು ಹಸನು ಮಾಡುವುದನ್ನು ಬಿಡಲಿಲ್ಲ. ‘ಅದು ಅವರ ಗ್ವಾಡಿನ ಅಲ್ಲೇನೋ. ನಿಮ್ಮ ಅಜ್ಜ ಅವರನ್ನ ಕೇಳಿ ತೊಲಿ ಇಟ್ಟಿದ್ದ’ ಎಂದಳು. ಆಗೆಲ್ಲ ಹಾಗೇ ಇತ್ತಂತೆ. ಬಾಯಿಮಾತಲ್ಲಿ ಕೇಳಿದರೆ, ‘ಇಡಪಾ, ಗ್ವಾಡಿಗೇನ ಭಾರ’ ಅನ್ನುತ್ತಿದ್ದರಂತೆ. ಕೇಳಿದ ಅಜ್ಜನೂ ಇಲ್ಲ, ಹೂಂ ಅಂದವರೂ ಇಲ್ಲ. ಸಿಟಿ ಸರ್ವೆಯವರು ಬಂದು ಟೇಪು ಹಿಡಿದು ಗೋಡೆ ಪೂರ್ತಿ ತಾರಾಬಾಯಿಯವರದೇ ಎಂದು ಹೇಳಿ ಹೋದರು.

ಇಂಜಿನಿಯರ್ ಕೊಲ್ಲಾಪುರದಲ್ಲಿ ಓದಿ ಬಂದ ಹುಡುಗ. ಎರಡು ಮೊಳ ದಪ್ಪದ ಮಣ್ಣಿನ ಗೋಡೆ ಸುಮ್ಮನೆ ಜಾಗ ತಿನ್ನುತ್ತದೆ, ಅದನ್ನು ತೆಗೆದು ಪಿಲ್ಲರ್ ಹಾಕಿ ಇಟ್ಟಂಗಿಯ ತೆಳ್ಳನೆ ಗೋಡೆ ಏಳಿಸಿದರೆ ಇಕ್ಕಟ್ಟಿನ ಜಾಗಕ್ಕೆ ಒಂದೂವರೆ ಮೊಳ ಕೂಡುತ್ತದೆ ಎಂದ. ‘ನಿಮ್ಮ ಮಾಳಗಿ ವ್ಯವಸ್ಥಾ ನೀವ ಮಾಡ್ಕೋರಿ ಸರ’ ಎಂದೂ ಹೇಳಿದ. ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ನಮ್ಮ ಬದಿಯಿಂದ ಗೋಡೆ ಕಟ್ಟಬೇಕೆಂದರೆ ಇಡೀ ಮಣ್ಣಿನ ಮಾಳಿಗೆ ಇಳಿಸಬೇಕು. ಪಶ್ಚಿಮಕ್ಕೆ ಆಗಲೇ ಮೋಡ ಕಟ್ಟುತ್ತಿತ್ತು. ಮಳೆಯ ಬಾಯಿಗೆ ಆ ಗೋಡೆ ಹೋಯಿತೆಂದರೆ ನಮ್ಮ ಮನೆ ನಮ್ಮ ತಲೆಯ ಮೇಲೇ ಕೂರುತ್ತದೆ. ತಾರಾಬಾಯಿ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ‘ಊರಿಗಿ ಹೋಗಿ ಇವರನ್ನ ಕೇಳ್ಕೊಂಡ ಬರ್ತೀನ್ರಿ’ ಎಂದು ಬಸ್ಸು ಹತ್ತಿದರು. ಕೆಲಸ ನಿಂತಿತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಪಕ್ಕದವರು ಮನೆ ಕಟ್ಟುವಾಗ ಬದುಕಿ ನೋಡು ಎನ್ನುವುದನ್ನು ಯಾಕೆ ಬಿಟ್ಟರೋ! ನನಗೆ ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ. ಗಲ್ಲಿಯಲ್ಲಿ ಕಬ್ಬಿನ ಗಾಡಿ ಹಾದರೂ ಎದ್ದು ಬಾಗಿಲಿಗೆ ಓಡುತ್ತಿದ್ದೆ. ಹೆಂಡತಿ ತಾಟಿನ ಮೇಲೆ ತಾಟು ಮುಚ್ಚಿ ಬಡಿಸುತ್ತಿದ್ದಳು. ನಾನು ಒಂದು ಕಣ್ಣು ತೊಲೆಯ ಮೇಲಿಟ್ಟು ಉಣ್ಣುತ್ತಿದ್ದೆ. ಮುಂದಿನ ಕೋಣೆಗೆ ಬಾ ಎಂದರೆ ಅವ್ವ ಏಳಲೊಲ್ಲಳು. ಇದೆಲ್ಲದರ ಮೇಲೆ ಆ ಕೋಡಣಸಿನ ಮಾತು ಬೇರೆ. ಲೋಕದಲ್ಲಿ ಎಷ್ಟೊಂದು ಉಪಮೆಗಳಿದ್ದವು, ನನಗೆ ಅದೇ ಆಗಬೇಕಿತ್ತೇ! ಬಸ್ಸಿನಲ್ಲಿ ಹೇಗೆ ಕೂರಬೇಕೆಂದು ಊರಿಗೆಲ್ಲ ಪಾಠ ಹೇಳಿದವನ ಮನೆ, ಅಜ್ಜನ ಕಾಲದಿಂದ ಟಿಕೇಟಿಲ್ಲದೆ ಪಕ್ಕದವರ ತೊಡೆಯ ಮೇಲೆ ಕೂತಿತ್ತು. ತಾರಾಬಾಯಿ ಬಂದರೆ ಆಡಬೇಕಾದ ಮಾತುಗಳನ್ನು ಗಡ್ಡ ಮಾಡಿಕೊಳ್ಳುವಾಗ ಕನ್ನಡಿಯೆದುರು ರೂಢಿ ಮಾಡಿ ಗದ್ದ ಕುಯ್ದುಕೊಂಡೆ.

ಅವರು ಬಂದದ್ದು ಮೊದಲ ಗುಡುಗಿನ ದಿನ, ಇಂಜಿನಿಯರನನ್ನು ಕರೆದುಕೊಂಡು. ನೆಟ್ಟಗೆ ನಮ್ಮ ನಡುಮನೆಗೆ ನಡೆದು, ತಲೆಯೆತ್ತಿ ತೊಲೆಗಳನ್ನು ಒಂದೊಂದಾಗಿ ನೋಡಿದರು. ಅವುಗಳ ಕೆಳಗೇ ಅವ್ವ ಕೂತಿದ್ದಳು. ರೂಢಿ ಮಾಡಿದ ಮಾತೆಲ್ಲ ಬಿಟ್ಟು ನಾನು ಗದ್ದದ ಗಾಯ ಸವರಿಕೊಂಡೆ.

‘ಆಯೀ, ಹಿಂಗ ಇದರ ಬುಡಕ ಕುಂತೀರಿ, ಅಂಜಿಕಿ ಬರೂದಿಲ್ಲೇನ್ರಿ?’ ಎಂದು ತಾರಾಬಾಯಿ ಕೇಳಿದರು.

‘ನನ್ನ ಗ್ವಾಡಿ ಇದ್ರ ಅಂಜತಿದ್ನೆವ್ವಾ’ ಎಂದಳು ಅವ್ವ. ‘ನಿನ್ನ ಗ್ವಾಡಿ ಐತಿ. ಅಂಜಾಕ ನೀ ಅದಿ. ಚಾ ಕುಡೀತೀಯೇನು?’

ಗುಡುಗು ಮತ್ತೊಮ್ಮೆ ಉರುಳಿತು. ಮಾಳಿಗೆಯಿಂದ ಒಂದಿಷ್ಟು ಮಣ್ಣು ಉದುರಿ ಅವ್ವನ ಸೆರಗಿನ ಮೇಲೆ ಬಿತ್ತು. ತಾರಾಬಾಯಿ ಬಗ್ಗಿ ಅದನ್ನು ಕೈಯಿಂದ ಝಾಡಿಸಿದರು. ಆಮೇಲೆ ಇಂಜಿನಿಯರನ ಕಡೆ ತಿರುಗಿದರು.

‘ಗ್ವಾಡಿ ಇರ್ಲಿ. ಕುಂತವರನ್ನ ಎಬ್ಬಿಸಿ ನಾ ಕುಂಡ್ರಾಕಿ ಅಲ್ಲ.’

ಹುಡುಗ ಗಾಬರಿಯಾದ. ‘ಬಾಯಾರ, ಪೋರ್ಚು ಕುಂಡ್ರೂದಿಲ್ರಿ. ಕಂಬಾ ಕುಂಡ್ರೂದಿಲ್ರಿ.’

‘ಬಿಡ್ರಿ. ಹೆಂಗಿದ್ರೂ ಮಾಸ್ತರ ಎತ್ತಿಗೆ ಕೋಡಣಸು ಬ್ಯಾಡ ಅಂದಾರ’ ಎಂದು ನನ್ನ ಕಡೆ ನೋಡಿದರು. ನಾನು ಚಹಾ ತರುವ ನೆಪ ಮಾಡಿ ಒಳಗೆ ಹೋಗಿ, ಒಲೆಯ ಮುಂದೆ ನಿಂತು ಕಣ್ಣೊರೆಸಿಕೊಂಡೆ. ಹೊಗೆಯಿಂದ ಅಲ್ಲ.

ಗೋಡೆ ಉಳಿಯಿತು. ನಾಲ್ಕು ಮಳೆಗಾಲ ಕಳೆದರೂ ನಮ್ಮ ಮಾಳಿಗೆಗೆ ಏನೂ ಆಗಲಿಲ್ಲ. ತಾರಾಬಾಯಿಯ ಮನೆ ಆ ಮುದಿ ಗೋಡೆಗೆ ಆತುಕೊಂಡೇ ಎದ್ದಿತು. ಪೋರ್ಚಿಗೆ ಜಾಗವಿಲ್ಲದ್ದರಿಂದ ಹಳೆಯ ಕಲ್ಲಿನ ಕಟ್ಟೆಯೇ ಉಳಿದು, ನಮ್ಮ ಕಟ್ಟೆಗೆ ಹೊಂದಿಕೊಂಡು ಸಾಲು ಮುಂದುವರಿಯಿತು. ಕಮಲವಿಲ್ಲ, ಸೂರ್ಯನಿಲ್ಲ. ಒಂದು ಬಾಗಿಲು, ಮೇಲೆ ಕೆಳಗೆ ಒಂದೊಂದು ಎತ್ತರದ ಕಿಟಕಿ, ಸುಣ್ಣದ ಬಿಳುಪು. ಒಳಗೆ ಆ ದಪ್ಪ ಗೋಡೆಯ ತಂಪು. ಇಡೀ ಗಲ್ಲಿಯಲ್ಲಿ ಹೊಸದಾಗಿ ಕಟ್ಟಿಯೂ ಮೊದಲಿನಿಂದ ಇಲ್ಲೇ ಇದ್ದಂತೆ ಕಾಣುವ ಮನೆ ಅದೊಂದೇ. ನನ್ನ ಬಸ್ಸಿನ ಸಿದ್ಧಾಂತ ಸರಿಯಾಗಿಯೇ ಇತ್ತು. ಅದನ್ನು ನನಗೆ ಕೂತು ತೋರಿಸಿದವರು ಅವರು.

ಮನೆ ಕಟ್ಟಿಸಬೇಕೆಂದಿರುವವರು ರಾಯಬಾಗ, ಬೇಡಕಿಹಾಳದ ಕಡೆಯಿಂದ ಬಂದು ಗಲ್ಲಿಯಲ್ಲಿ ನಿಂತು ನೋಡುತ್ತಾರೆ. ‘ಇಂಜಿನಿಯರ್ ಯಾರ್ರಿ?’ ಎಂದು ಕೇಳುತ್ತಾರೆ. ತಾರಾಬಾಯಿ ಕಟ್ಟೆಯ ಮೇಲೆ ಅವ್ವನ ಪಕ್ಕದಲ್ಲಿ ಕೂತು ಹೇಳುತ್ತಾರೆ: ‘ಇಂಜಿನಿಯರ್ ಯಾವನೂ ಅಲ್ರಿ. ಬಾಜೂ ಮನಿ ಮಾಸ್ತರ ತೊಲಿ.’

ಶಾಲೆಯಲ್ಲಿ ಹುಡುಗರು ಈಗಲೂ ಗುಡ್ಡದ ಮುಂದೆ ಒಂಟಿ ಮನೆ ಬರೆದು ತಂದು ತೋರಿಸುತ್ತಾರೆ. ನಾನು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಡುತ್ತೇನೆ.

‘ಬಾಜೂ ಮನಿ ಎಲ್ಲೈತಿ? ಅದನ್ನ ಮೊದಲ ಬರಿ. ಇಲ್ಲಂದ್ರ ಇದು ಬೀಳತೈತಿ ನೋಡು.’