ಒಳಗಡೆಯ ಚಿಲಕ

ನಾನು ನನ್ನದು ಅಂತ ಹೇಳಿಕೊಂಡ ಮೊದಲ ಮನೆಗೆ ಬಾಗಿಲುಗಳೇನೋ ಇದ್ದವು, ಆದರೆ ಎಲ್ಲವೂ ಹೊರಗಡೆಯಿಂದ ಮಾತ್ರ ಹಾಕುವಂಥವು. ಅದು ಹುಣಸೂರಿನಲ್ಲಿ ಎತ್ತಿನ ಗಾಡಿ ಮಾಡುವ ಸಾಹೇಬರೊಬ್ಬರ ಕೆಲಸದ ಕೊಟ್ಟಿಗೆಯ ಮೇಲಿನ ಮಹಡಿ. ಕೆಳಗೆ ಗಾಡಿ ಕೆಲಸ, ಹಿಂದುಗಡೆ ಅವರ ಸಂಸಾರ, ಮೇಲೆ ನೊಗ, ಮೂಕಿಮರ, ಬಿದಿರುಗಳ ದಾಸ್ತಾನು. ನೊಗಕ್ಕೆ ಒಳಗಡೆಯಿಂದ ಚಿಲಕ ಯಾಕೆ ಬೇಕು? ಹೊರಗೊಂದು ಸರಪಳಿ, ಅದಕ್ಕೊಂದು ಬೀಗ, ಅಷ್ಟೇ. ಯುದ್ಧ ಶುರುವಾಗಿ ಗಾಲಿಗೆ ಕಟ್ಟುವ ಕಬ್ಬಿಣದ ಪಟ್ಟಿ ಸಿಗದಂತಾದಾಗ ಗಾಡಿ ಕೆಲಸ ಇಳಿಯಿತು, ಮಹಡಿ ಖಾಲಿಯಾಯಿತು. ಅದೇ ವೇಳೆಗೆ ನಮ್ಮ ಯಜಮಾನರಿಗೆ ಊರಿನ ಮರದ ಡಿಪೊದಲ್ಲಿ ಗುಮಾಸ್ತರ ಕೆಲಸ ಸಿಕ್ಕಿತು. ಸಾಹೇಬರು ಮರಕ್ಕೆಂದು ಅಲ್ಲಿಗೆ ಬಂದುಹೋಗುವವರು. "ಮೇಲೆ ಬಂದು ಇರಿ ಸ್ವಾಮಿ. ಮರದ ಕೆಲ್ಸ ಎಷ್ಟಿದ್ರೂ ನಾನು ಮಾಡಿಕೊಡ್ತೀನಿ. ಕಬ್ಬಿಣದ್ದು ಮಾತ್ರ ಎಲ್ಲಾದ್ರೂ ಹುಡುಕಿ ನೀವೇ ತರಬೇಕು," ಅಂದರಂತೆ.

ಆ ಸುದ್ದಿ ಕೇಳಿ ನಾನು ಕುಣಿಯುವುದೊಂದು ಬಾಕಿ. ನನ್ನ ಸಂತೋಷ ಅರ್ಥವಾಗಬೇಕಾದರೆ ನಾನು ಅಲ್ಲಿಯವರೆಗೆ ಎಲ್ಲಿದ್ದೆ ಅನ್ನುವುದನ್ನು ಹೇಳಬೇಕು. ನನ್ನ ಅತ್ತೆಯ ಮನೆ ಕೆ.ಆರ್. ನಗರದ ಕಡೆ, ನಾಲೆ ಬಯಲಿನ ಒಂದು ಊರಿನಲ್ಲಿ. ದೊಡ್ಡ ತೊಟ್ಟಿ ಮನೆ. ಮಾವ, ಅತ್ತೆ, ಭಾವಂದಿರು, ಓರಗಿತ್ತಿಯರು, ಅವರ ಮಕ್ಕಳು, ಬಂದುಹೋಗುವ ನೆಂಟರು. ಮದುವೆಯಾಗಿ ಬಂದ ನಮಗೆ ಬಿಟ್ಟುಕೊಟ್ಟದ್ದು ಅಕ್ಕಿ ಕೋಣೆ. ಬಿಟ್ಟುಕೊಟ್ಟದ್ದು ಅನ್ನುವುದೂ ಸರಿಯಲ್ಲ, ಅಕ್ಕಿಯ ಜೊತೆಗೆ ನಮ್ಮನ್ನೂ ಇಟ್ಟಿದ್ದರು. ಇನ್ನೂ ಕತ್ತಲಿರುವಾಗಲೇ ಅತ್ತೆ ಮೊರ ಹಿಡಿದು ಒಳಕ್ಕೆ ಬಂದುಬಿಡುವರು. ಕೆಮ್ಮುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ತಮ್ಮ ಮನೆಯ ಅಕ್ಕಿಯ ಹತ್ತಿರ ಹೋಗುವುದಕ್ಕೆ ಅವರು ಯಾರ ಅಪ್ಪಣೆ ಕೇಳಬೇಕು? ನಾನು ದಡಬಡಿಸಿ ಎದ್ದು ಸೆರಗು ಎಳೆದುಕೊಳ್ಳುವಷ್ಟರಲ್ಲಿ ಅವರು ಅಕ್ಕಿ ಅಳೆದುಕೊಂಡು ಹೊರಗೆ ಹೋಗಿರುತ್ತಿದ್ದರು. ಹಗಲಲ್ಲಿ ಸೀರೆ ಬದಲಾಯಿಸುವಾಗ ಒಂದು ಕಾಲನ್ನು ಬಾಗಿಲಿಗೆ ಒತ್ತಿ ನಿಂತು ಉಡುವುದನ್ನು ನಾನು ಕಲಿತೆ. ಈಗಲೂ ನೆರಿಗೆ ಹಿಡಿಯುವಾಗ ನನ್ನ ಬಲಗಾಲು ತಾನಾಗಿ ಹಿಂದಕ್ಕೆ ಹೋಗುತ್ತದೆ, ಮೊಮ್ಮಕ್ಕಳು ನೋಡಿ ನಗುತ್ತಾರೆ.

ಅವರು ಯಾರೂ ಕೆಟ್ಟವರಲ್ಲ. ಆ ಮನೆಯಲ್ಲಿ ಬಾಗಿಲು ಅನ್ನುವುದು ಕಾಳಿಗೆ, ಪಾತ್ರೆಗೆ, ದೇವರಿಗೆ ಇದ್ದದ್ದು. ಮನುಷ್ಯರಿಗೆ ಬಾಗಿಲು ಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ನನ್ನ ತವರು ಅಂತರಸಂತೆಯಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಅಲ್ಲಿ ಕಾಡಾನೆಯ ಭಯಕ್ಕೆ ಒಳಗಡೆಯಿಂದ ಭದ್ರವಾದ ಅಗುಳಿ ಇತ್ತು, ಆದರೆ ಅಗುಳಿಯ ಈಚೆ ಮನೆಮಂದಿಯೆಲ್ಲ ಒಂದೇ ಕಡೆ ಮಲಗುತ್ತಿದ್ದೆವು. ಹೀಗಾಗಿ ಹುಟ್ಟಿದಂದಿನಿಂದ ನಾನು ಒಬ್ಬಳೇ ಇದ್ದದ್ದು ಅಂತ ಇಲ್ಲವೇ ಇಲ್ಲ.

ಮಹಡಿಯಲ್ಲಿ ಮುಂದೊಂದು ಹಜಾರ, ಅದರ ಮೂಲೆಯಲ್ಲಿ ಅಡುಗೆ, ಹಿಂದೆ ಒಂದು ಕೋಣೆ. ಮೊದಲು ನೋಡಿದಾಗ ಒಳಗೆಲ್ಲ ಬಿದಿರಿನ ಸಿಬಿರು, ಇಲಿ ಹಿಕ್ಕೆ, ಗಾಡಿಯ ಕೀಲೆಣ್ಣೆಯ ವಾಸನೆ. ನಾನೂ ಸಾಹೇಬರ ಮನೆಯ ಕೆಲಸದವಳೂ ಸೇರಿ ಗುಡಿಸಿದೆವು, ತೊಳೆದೆವು. ಎಣ್ಣೆಯ ಕಲೆ ನೆಲಕ್ಕೆ ಇಳಿದುಹೋಗಿತ್ತು, ಏನು ಉಜ್ಜಿದರೂ ಬಿಡಲಿಲ್ಲ. ಅದರ ಮೇಲೆ ಚಾಪೆ ಹಾಸಿ ಸುಮ್ಮನಾದೆ. ಗೋಡೆಗೆ ಸುಣ್ಣ ಬಳಿಯುವಾಗ ಯಜಮಾನರು ನೀಲಿ ಜಾಸ್ತಿ ಸುರಿದದ್ದಕ್ಕೆ ಹಜಾರವೆಲ್ಲ ಧೋಬಿಯ ತೊಟ್ಟಿಯ ಬಣ್ಣಕ್ಕೆ ತಿರುಗಿತು. ಅವರಿಗೆ ಅದೇ ಚೆನ್ನಾಗಿ ಕಂಡಿತು.

ಅವರಿಗೆ ಇದ್ದ ಆಸೆ ಬೆಳಕಿನದು. ದಿನವಿಡೀ ಡಿಪೊದಲ್ಲಿ ಮರದ ಅಳತೆ ಬರೆದು ಕಣ್ಣು ಸಣ್ಣ ಮಾಡಿಕೊಂಡು ಬರುವವರು, ಸಂಜೆ ಓದುವುದಕ್ಕೆ ಕೂರುವ ಜಾಗದ ಮೇಲೆ ಗಾಜಿನ ಹೆಂಚು ಬೇಕು ಅಂತ ಹಟ ಹಿಡಿದು ಮೈಸೂರಿನಿಂದ ತಾವೇ ತಂದರು. ಆಗ ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಹೆಂಚು. ಬಸ್ಸು ದಿಣ್ಣೆ ಹತ್ತಲಾರದೆ ನಿಂತಾಗ ಎಲ್ಲರೂ ಇಳಿದು ತಳ್ಳಿದರಂತೆ, ಇವರು ಮಾತ್ರ ಹೆಂಚನ್ನು ತಬ್ಬಿಕೊಂಡು ಪಕ್ಕದಲ್ಲಿ ನಡೆದರಂತೆ. ಸಹ ಪ್ರಯಾಣಿಕರು ಏನೇನು ಅಂದರೋ, ಅದನ್ನು ನನಗೆ ಹೇಳಲಿಲ್ಲ.

ನನಗೆ ಬೇಕಾದದ್ದು ಒಂದೇ. ಕೋಣೆಯ ಬಾಗಿಲಿಗೆ ಒಳಗಡೆ ಒಂದು ಚಿಲಕ. ಅದನ್ನು ಬಾಯಿಬಿಟ್ಟು ಕೇಳುವುದಕ್ಕೆ ನನಗೆ ಎಷ್ಟೋ ದಿನ ಹಿಡಿಯಿತು. ಹೊಸದಾಗಿ ಮದುವೆಯಾದವಳು ಚಿಲಕ ಕೇಳಿದರೆ ಜನ ಏನೇನೋ ಅಂದುಕೊಳ್ಳುತ್ತಾರೆ. ಯಜಮಾನರೂ ಹಾಗೇ ಅಂದುಕೊಂಡು ಮೀಸೆಯಲ್ಲಿ ನಕ್ಕರು. ನಾನು ತಿದ್ದಲಿಲ್ಲ. ಒಬ್ಬಳೇ ಕೂರಬೇಕು ಅಂತ ಆಸೆ ಅಂದಿದ್ದರೆ ಅವರು ಇನ್ನೂ ಗಾಬರಿಯಾಗುತ್ತಿದ್ದರು.

ಅಂಗಡಿಗಳಲ್ಲಿ ಆಗ ಹೊಸ ಚಿಲಕ ಎಲ್ಲಿಂದ ಬರಬೇಕು? ಮೊಳೆಗೂ ಬರ. ಪಿರಿಯಾಪಟ್ಟಣದಲ್ಲಿ ಕೇಳಿಸಿದೆವು, ಇಲ್ಲ. ಕೊನೆಗೆ ಹುಣಸೂರಿನ ಸಂತೆಯಲ್ಲೇ, ಹಳೇ ಕಬ್ಬಿಣ ಹರಡಿಕೊಂಡು ಕೂತವನ ಹತ್ತಿರ ಸಿಕ್ಕಿತು. ಲಾಳ, ಮುರಿದ ಕುಡುಗೋಲು, ಕೊಳಗದ ತಳ, ಇವುಗಳ ನಡುವೆ ಹಸಿರು ಕಿಲುಬು ಹಿಡಿದ ಒಂದು ಹಿತ್ತಾಳೆ ಚಿಲಕ. ಕೊಡಗಿನ ಕಡೆ ಯಾವುದೋ ತೋಟದ ಬಂಗಲೆ ಕೆಡವಿದಾಗ ಬಂದದ್ದಂತೆ. ನಾನು ಅದನ್ನು ಕೈಗೆ ತೆಗೆದುಕೊಂಡವಳು ಮತ್ತೆ ಕೆಳಗಿಡಲಿಲ್ಲ. ಚೌಕಾಸಿ ಮಾಡುವವರು ಹಾಗೆ ಮಾಡಬಾರದು, ಯಜಮಾನರು ಆಮೇಲೆ ಅದಕ್ಕಾಗಿ ಬೈದರು. ಮನೆಗೆ ತಂದು ಹುಣಿಸೆಹಣ್ಣು ಹಾಕಿ ತಿಕ್ಕಿದೆ. ಹೊಳೆಯಿತು.

ಸಾಹೇಬರೇ ಮೇಲೆ ಬಂದು ಹಾಕಿಕೊಟ್ಟರು. ನಾನು ಸಂಕೋಚದಿಂದ ಅಡುಗೆ ಮೂಲೆಯಲ್ಲಿ ನಿಂತಿದ್ದೆ. ಅವರು ಬಾಗಿಲಿನ ಎರಡೂ ಕಡೆ ನೋಡಿ, ತಮ್ಮದೇ ತಪ್ಪು ಅನ್ನುವ ಹಾಗೆ ತಲೆ ಅಲ್ಲಾಡಿಸಿದರು. "ನಾನು ಮರ್ತೇ ಬಿಟ್ಟಿದ್ದೆ ನೋಡಿಯಮ್ಮಾ. ಹೆಣ್ಣುಮಕ್ಕಳು ಇರೋ ಕೋಣೆಗೆ ಒಳಗಡೆ ಚಿಲ್ಕ ಇಲ್ದೆ ಆಗ್ತದಾ? ನಮ್ಮಲ್ಲಿ ಜನಾನಾಕ್ಕೆ ಮೊದ್ಲು ಹಾಕೋದೇ ಅದು," ಅಂದರು. ಅವರು ಅದನ್ನು ಮಾಮೂಲಿ ಮಾತಿನ ಹಾಗೆ ಹೇಳಿ, ತಿರುಪುಳಿ ತಿರುಗಿಸುತ್ತಾ ಕೆಲಸ ಮುಂದುವರಿಸಿದರು. ನಾನು ಕೇಳಿದ್ದು ನಾಚಿಕೆಗೇಡಿನ ವಸ್ತುವಲ್ಲ ಅಂತ ಹೇಳಿದ ಮೊದಲ ಮನುಷ್ಯರು ಅವರೇ.

ಹಾಲುಕ್ಕಿಸುವ ದಿನ ಮಾವ, ಅತ್ತೆ ಗಾಡಿ ಕಟ್ಟಿಕೊಂಡು ಬಂದರು. ಸಾಬರ ಮನೆಯ ಮೇಲೆ ಬಾಡಿಗೆಗೆ ಇದ್ದೀವಿ ಅಂತ ಅತ್ತೆ ಮುಖ ಗಂಟು ಹಾಕುತ್ತಾರೇನೋ ಅಂತ ನಾನು ಹೆದರಿದ್ದೆ. ಅವರು ಆ ಮಾತೇ ಎತ್ತಲಿಲ್ಲ, ತಾವು ಬಂದ ಗಾಡಿ ಮಾಡಿಕೊಟ್ಟದ್ದು ಈ ಸಾಹೇಬರ ಅಪ್ಪನೇ ಅಂತ ಖುಷಿಪಟ್ಟರು. ಗಾಜಿನ ಹೆಂಚನ್ನು ತಲೆಯೆತ್ತಿ ನೋಡಿ ಮೆಚ್ಚಿಕೊಂಡರು. ಕೋಣೆಯ ಬಾಗಿಲಿಗೆ ಬಂದು ನಿಂತರು. ಚಿಲಕವನ್ನು ಎಳೆದರು, ತಳ್ಳಿದರು.

"ಇದ್ಯಾಕವ್ವ?"

"ಕೋಣೆಗೆ, ಅತ್ತೆ."

"ಕ್ವಾಣೆಗೆ ಅಂತ ಕಾಣ್ತದೆ. ಕಳ್ಳ ಬರ್ದಂಗೆ ಕೆಳ್ಗೆ ಸಾಬ್ರ ಮನೆ ಬಾಗ್ಲದೆ. ಇರಾದು ನೀವಿಬ್ರು. ಇದು ಯಾರ್ ಬರ್ದಂಗೆ?"

ನಾನು ಪಾಯಸ ತರುವ ನೆಪ ಮಾಡಿ ಒಲೆಯ ಕಡೆ ನಡೆದೆ.

"ನಾನು ಬರ್ದಂಗೆ, ಅಲ್ವಾ?" ಅಂದು, ಅತ್ತೆ ಮಗನ ಕಡೆ ತಿರುಗಿದರು. "ಲೋ ಮಗ, ನಿಮ್ಮಪ್ಪನ ಮನೇಲಿ ಒಬ್ರ ಮಕದ್ ಮ್ಯಾಲೆ ಒಬ್ರು ಬಾಗ್ಲು ಆಕ್ಕಂಡೋರಿಲ್ಲ. ಇದ್ನ ಕಿತ್ತಾಕ್ಸು. ಇದು ಇರಗಂಟ ನಾನು ಈ ಮೆಟ್ಲು ಅತ್ತಕಿಲ್ಲ."

ಉಕ್ಕಿಸಿದ ಹಾಲಿನ ಪಾಯಸವನ್ನು ಬಾಯಿಗೆ ಮುಟ್ಟಿಸಿದಂತೆ ಮಾಡಿ ಸಂಜೆಗೆ ಮುಂಚೆಯೇ ಹೊರಟುಬಿಟ್ಟರು. ಮಾವ ಅವರ ಹಿಂದೆಯೇ ಗಾಡಿ ಹತ್ತಿದರು.

ಯಜಮಾನರು ತಾಯಿಯನ್ನು ಕಂಡರೆ ಕರಗಿಹೋಗುವವರು. ಗಾಡಿ ಬೀದಿ ದಾಟುವ ಮೊದಲೇ ಶುರು ಮಾಡಿದರು. "ತಗ್ದುಬುಡಾನ ಕಣಮ್ಮಿ. ಒಂದು ಚಿಲ್ಕಕ್ಕೋಸ್ಕರ ಎತ್ತವ್ವನ್ನ ದೂರ ಮಾಡ್ಕೊಳಾಕಾಯ್ತದಾ?"

"ನಿಮ್ಮವ್ವ ಬಂದಿರೋ ಎಲ್ಡ್ ದಿನುಕ್ಕೋಸ್ಕರ ನಾನು ವರ್ಸೆಲ್ಲಾ ಕಾಲಲ್ಲಿ ಬಾಗ್ಲು ಅದುಮ್ಕಂಡು ಸೀರೆ ಉಟ್ಕಬೇಕಾ?" ಅಂದೆ. ನನಗೆ ಸಿಟ್ಟು ಬಂದರೆ ಊರ ಮಾತೇ ಬರುವುದು. ಅವರಿಗೆ ಆ ಕಾಲಿನ ವಿಷಯ ಗೊತ್ತೇ ಇರಲಿಲ್ಲ. ಬೆಪ್ಪಾಗಿ ನನ್ನ ಕಾಲಿನ ಕಡೆ ನೋಡಿದರು. ಚಿಲಕ ಉಳಿಯಿತು, ಆದರೆ ಆ ಮಹಡಿಗೆ ಅತ್ತೆ ಬರುವುದು ನಿಂತುಹೋಯಿತು. ಸಂತೆಗೆ ಬಂದ ಊರಿನವರ ಕೈಯಲ್ಲಿ ತುಪ್ಪ, ಹಪ್ಪಳ ಬರುತ್ತಿದ್ದವು, ಅವರು ಬರುತ್ತಿರಲಿಲ್ಲ. ಯಜಮಾನರು ತುಪ್ಪ ಬಡಿಸಿಕೊಳ್ಳುವಾಗಲೆಲ್ಲ ನಿಟ್ಟುಸಿರು ಬಿಡುವರು. ಆ ನಿಟ್ಟುಸಿರು ನನಗೆ ಅಂತಲೇ ಬಿಡುವುದು, ನನಗೆ ಗೊತ್ತಿತ್ತು.

ಇಷ್ಟು ಜಗಳ ಕಟ್ಟಿಕೊಂಡು ಉಳಿಸಿಕೊಂಡ ಚಿಲಕ ಹಾಕಿಕೊಂಡು ನಾನು ಮಾಡುತ್ತಿದ್ದದ್ದಾದರೂ ಏನು? ಏನೂ ಇಲ್ಲ. ಅವರು ಡಿಪೊಗೆ ಹೋದ ಮೇಲೆ, ಕೆಲಸ ಮುಗಿಸಿ, ಕೋಣೆಗೆ ಹೋಗಿ ಚಿಲಕ ಹಾಕಿ ಗೋಡೆಗೆ ಒರಗಿ ಕೂರುತ್ತಿದ್ದೆ. ಕೆಳಗೆ ಮರ ಕೆತ್ತುವ ಬಾಚಿಯ ಸದ್ದು. ಕೆಲವು ದಿನ ಕೂದಲು ಬಿಚ್ಚಿಕೊಂಡು ಹಾಗೇ ಬಿಟ್ಟಿರುತ್ತಿದ್ದೆ. ಕೆಲವು ದಿನ ಹಾಡಿಕೊಳ್ಳುತ್ತಿದ್ದೆ, ಅಪಸ್ವರದಲ್ಲಿ. ಯಾರೂ ಕರೆಯುವುದಿಲ್ಲ, ಕರೆದರೂ ತಕ್ಷಣ ನನ್ನನ್ನು ಕಾಣಲಾರರು ಅನ್ನುವ ಆ ಒಂದು ನೆಮ್ಮದಿ. ನಾನು ಎಂಥ ಹೆಣ್ಣು ಅನ್ನುವುದು ನನಗೇ ಅಲ್ಲಿ ಸ್ವಲ್ಪ ಸ್ವಲ್ಪವಾಗಿ ತಿಳಿಯುತ್ತಾ ಬಂತು. ಬಾಗಿಲಾಚೆ ಇದ್ದಾಗ ನಾನು ಸೊಸೆ, ಹೆಂಡತಿ, ಓರಗಿತ್ತಿ. ಒಳಗೆ ಅದ್ಯಾವುದೂ ಅಲ್ಲ. ಅದು ತಪ್ಪೋ ಏನೋ ಅಂತ ಆಗೆಲ್ಲ ಅಳುಕಾಗುತ್ತಿತ್ತು, ಅಳುಕುತ್ತಲೇ ಕೂತಿರುತ್ತಿದ್ದೆ.

ಮುಂದಿನ ವರ್ಷ ಗದ್ದೆ ಕೊಯ್ಲಿನ ಹೊತ್ತಿಗೆ ಮಾವ ತೀರಿಕೊಂಡರು. ಊಟ ಮಾಡಿ ಜಗಲಿಯ ಮೇಲೆ ಒರಗಿದವರು ಏಳಲಿಲ್ಲ. ನಾವು ಊರಿಗೆ ಹೋದಾಗ ತೊಟ್ಟಿಯ ತುಂಬ ಜನ. ಅತ್ತೆಯನ್ನು ನಡುವೆ ಕೂರಿಸಿಕೊಂಡು ಹೆಂಗಸರು ಸುತ್ತ ಕೂತಿದ್ದರು. ಬಂದವರೆಲ್ಲ ಅವರನ್ನು ತಬ್ಬಿಕೊಂಡು ಅಳುವುದು, ಅವರೂ ಅಳುವುದು, ನೀರು ಕುಡಿಸುವುದು, ಇನ್ನೊಬ್ಬರು ಬರುವುದು. ರಾತ್ರಿ ಅವರ ಎರಡೂ ಪಕ್ಕಕ್ಕೆ ಒಬ್ಬೊಬ್ಬರು ಮಲಗುವರು. ಗಂಡ ಹೋದ ಹೆಂಗಸನ್ನು ಒಂಟಿಯಾಗಿ ಬಿಡಬಾರದು ಅನ್ನುವುದು ನಮ್ಮ ಕಡೆಯ ಪದ್ಧತಿ. ತಿಥಿಯಾದ ಮೇಲೂ ಅದು ನಡೆದೇ ಇತ್ತು ಅಂತ ಆಮೇಲೆ ತಿಳಿಯಿತು.

ಒಂದು ದಿನ ಭಾವನವರಿಂದ ಸುದ್ದಿ ಬಂತು. ಅವ್ವ ಸೊರಗಿದ್ದಾಳೆ, ನಾಲ್ಕು ದಿನ ನಿಮ್ಮಲ್ಲಿ ಇರಲಿ, ಭಾನುವಾರ ಕರೆದುಕೊಂಡು ಬರುತ್ತೇನೆ ಅಂತ. ಆ ಭಾನುವಾರ ಬೆಳಿಗ್ಗೆ ನಾನು ನೀರು ತರುವುದಕ್ಕೆ ಕೆಳಗೆ ಹೋಗಿ ಬರುವಷ್ಟರಲ್ಲಿ ಯಜಮಾನರು ತಿರುಪುಳಿ ಹಿಡಿದು ಚಿಲಕ ಬಿಚ್ಚಿ ಮುಗಿಸಿದ್ದರು. ಬಾಗಿಲಲ್ಲಿ ಬರೀ ತೂತುಗಳು. "ಇಂಥ ಒತ್ನಲ್ಲೂ ಅವ್ಳನ್ನ ಮೆಟ್ಲ ಕೆಳ್ಗೆ ನಿಲ್ಲುಸ್ಲಾ?" ಅಂದರು. ಆ ದಿನ ಜಗಳವಾಡುವಂತಿರಲಿಲ್ಲ. ಕೊಡವನ್ನು ಸ್ವಲ್ಪ ಜೋರಾಗಿಯೇ ಇಳಿಸಿ ಒಲೆಯ ಮುಂದೆ ಕೂತೆ.

ಅತ್ತೆ ಬಂದರು. ಭಾವ ಅವರನ್ನು ಬಿಟ್ಟು ಗಾಡಿ ತಿರುಗಿಸಿಕೊಂಡು ಹೋದರು. ಅತ್ತೆಯದು ಬರಿಹಣೆ, ಬರಿಗೈ, ಮೈ ಅರ್ಧವಾಗಿತ್ತು. ನಾನು ಬಡಿಸಿದ್ದನ್ನು ಎರಡು ತುತ್ತು ತಿಂದು, "ವಸಿ ಮನಿಕತೀನಿ ಕಣವ್ವ," ಅಂದು ಕೋಣೆಗೆ ಹೋದರು. ಬಾಗಿಲು ಮುಂದಕ್ಕೆ ಹಾಕಿದ ಸದ್ದು ಕೇಳಿತು. ಆಮೇಲೆ ಮತ್ತೆ ತೆರೆಯಿತು.

"ಲೋ, ಅದೆಲ್ಲೋ?"

"ಯಾವ್ದವ್ವ?"

"ಚಿಲ್ಕ ಕಣ್ಲಾ."

"ತಗ್ದುಬುಟ್ಟೆ ಕಣವ್ವ. ನೀನಂದಿದ್ಯಲ್ಲ," ಅಂದರು ಯಜಮಾನರು, ಒಳ್ಳೆಯ ಕೆಲಸ ಮಾಡಿದ ಹುಡುಗನ ಮುಖ ಮಾಡಿಕೊಂಡು.

ಅತ್ತೆ ಆ ತೂತುಗಳ ಮೇಲೆ ಬೆರಳಾಡಿಸಿದರು. ನನ್ನ ಕಡೆ ನೋಡಲಿಲ್ಲ. "ಮೂರ್ ತಿಂಗ್ಳಾಯ್ತು ಕಣ್ಲಾ ಮಗ. ಒಂದ್ಗಳ್ಗೆ ನನ್ನ ಒಬ್ಳೇ ಬುಟ್ಟಿಲ್ಲ. ಅತ್ರೆ ಸಮಾದಾನ ಮಾಡಾಕೆ ಬತ್ತಾರೆ, ಸುಮ್ಕಿದ್ರೆ ಅಳ್ಸಾಕೆ ಬತ್ತಾರೆ. ತಿರ್ಗಾ ಆಕು ಅದ್ನ. ನಾನು ವಸಿ ಒತ್ತು ಒಳ್ಗಿರ್ಬೇಕು."

ಯಜಮಾನರು ಜೇಬಿನಿಂದ ಚಿಲಕ ತೆಗೆದರು. ನಾನು ಹೋಗಿ ಅದನ್ನು ಬಾಗಿಲಿಗೆ ಒತ್ತಿ ಹಿಡಿದುಕೊಂಡೆ, ಅವರು ತಿರುಪು ಬಿಗಿದರು. ಅಷ್ಟು ಹೊತ್ತೂ ಅತ್ತೆ ಪಕ್ಕದಲ್ಲೇ ನಿಂತಿದ್ದರು, ಬಸ್ಸಿಗೆ ಕಾಯುವವರ ಹಾಗೆ. ಆ ದೊಡ್ಡ ಮನೆಯ ಕೋಣೆಗಳ ಬೀಗದ ಕೈಗಳೆಲ್ಲ ಅವರ ಸೊಂಟದಲ್ಲಿದ್ದವು, ಅಷ್ಟಿದ್ದೂ ಅಳುವುದಕ್ಕೆ ಅವರು ಇಷ್ಟು ದೂರ ಬರಬೇಕಾಯಿತು. ಕೆಲಸ ಮುಗಿದ ಕೂಡಲೇ ಒಳಗೆ ಹೋದರು. ಚಿಲಕ ಬಿತ್ತು.

ನಾವಿಬ್ಬರೂ ಹಜಾರದಲ್ಲಿ ಕೂತೆವು. ಮೊದಲು ಏನೋ ಸಣ್ಣ ಸದ್ದು ಕೇಳಿದಂತಾಯಿತು, ಆಮೇಲೆ ಅದೂ ಇಲ್ಲ. ಗಾಜಿನ ಹೆಂಚಿನಿಂದ ಬಿದ್ದ ಬಿಸಿಲು ಗೋಡೆಯ ಹತ್ತಿರ ಹೋಗುವಷ್ಟು ಹೊತ್ತಾಯಿತು. ಯಜಮಾನರಿಗೆ ಕೂತಲ್ಲಿ ಕೂರಲಾಗಲಿಲ್ಲ.

"ಏನ್ಮಾಡ್ತಾವ್ಳೆ ಒಳ್ಗೆ? ಸದ್ದೇ ಇಲ್ವಲ್ಲ," ಅಂತ ಪಿಸುಗುಟ್ಟಿ, ಬಾಗಿಲು ತಟ್ಟುವುದಕ್ಕೆ ಎದ್ದರು.

ನಾನು ಅವರ ಕೈ ಹಿಡಿದು ಕೂರಿಸಿದೆ. "ಅದು ನಮ್ಗೆ ಗೊತ್ತಾಗ್ಬಾರ್ದು ಅಂತ್ಲೇ ಅಲ್ವಾ ಚಿಲ್ಕ ಆಕಿರಾದು," ಅಂದೆ.