ಚೆಂಬೂರಿನಲ್ಲಿ ಕೈಕಟ್ಟಿ ಕೂತದ್ದು

ಶುಕ್ರವಾರ ಧಾರವಾಡದ ರೈಲು ದಾದರ್ ಮುಟ್ಟುವಾಗ ಬೆಳಕಾಗಿತ್ತು, ಸೆಕೆಯೂ ಆಗಲೇ ಎದ್ದಿತ್ತು. ತಂಗಿ ಸುಜಾತಾ ಸ್ಟೇಷನ್ನಿಗೇ ಬಂದಿದ್ದಳು. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದನೇ ತರಗತಿಯನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಅವಳು ನನ್ನನ್ನು ಕರೆಸಿಕೊಂಡದ್ದೇ ಅದಕ್ಕೆ. ಹತ್ತು ರೂಪಾಯಿ ಟಿಕೆಟ್ಟಿಗೆ ಲೋಕಲ್ಲಿನಲ್ಲಿ ಬೆವರು ಧಾರಾಳ. ಕುರ್ಲಾದಲ್ಲಿ ಗಾಡಿ ಬದಲಿಸಿ ಚೆಂಬೂರಿಗೆ ಹೋಗುವಾಗಲೇ ಮಗಳ ಕುರಿತು ಅವಳ ಅಹವಾಲು ಶುರುವಾಯಿತು.

“ಅಕ್ಕಾ, ಮುಕ್ತಾಗ ಐದು ತುಂಬಿದ್ವು. ಇನ್ನೂ ಪೆನ್ಸಿಲ್ ಹಿಡದು ಒಂದಕ್ಷರ ಬರಿಯಂಗಿಲ್ಲ. ಈ ಶಾಲಿಯೊಳಗ ಇಡಲೋ, ಬಿಡಿಸಿ ಕಾನ್ವೆಂಟಿಗೆ ಹಾಕಲೋ? ಸಂಜಿಗೆ ನೀ ಹೋಗೂದರೊಳಗ ಹೇಳಿಬಿಡು. ನೀ ಹೇಳಿದಂಗ.”

ಆ ಶಾಲೆ, ಹಿಂದೆ ಪರದೇಶದ ಸುಧಾರಕಿಯೊಬ್ಬರು ತೋರಿಸಿದ ದಾರಿಯಲ್ಲಿ ನಡೆಯುತ್ತದಂತೆ. ಮಗು ತಾನೇ ಕಲಿಯುತ್ತದೆ, ದೊಡ್ಡವರು ಅಡ್ಡ ಬರಬಾರದು. ಹಾಗಾದರೆ ನಮಗೆ ಸಂಬಳ ಯಾತಕ್ಕೆ ಎಂಬ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಶಾಲೆ ಒಂದು ಬಿಲ್ಡಿಂಗಿನ ಕೆಳಮಹಡಿಯಲ್ಲಿತ್ತು. ಮಂಗಳೂರು ಕಡೆಯ ಪ್ರಮೀಳಾ ಟೀಚರ್ ಮೂಲೆಯಲ್ಲಿ ಚಾಪೆ ಹಾಸಿಕೊಟ್ಟು, “ನೋಡಿ, ಆದ್ರೆ ಮಾತೂ ಇಲ್ಲ, ಹೆಲ್ಪೂ ಇಲ್ಲ” ಎಂದರು. ಒಬ್ಬ ಹುಡುಗ ಈ ಲೋಟದಿಂದ ಆ ಲೋಟಕ್ಕೆ ನೀರು ಸುರಿಯುತ್ತಿದ್ದ. ಒಬ್ಬಳು ಒರಟು ಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರದ ಮೇಲೆ ಬೆರಳಾಡಿಸುತ್ತಿದ್ದಳು. ಪಾಠ ಯಾವಾಗ ಶುರುವಾಗುತ್ತದೆಂದು ಕಾದೆ. ಇದೇ ಪಾಠವೆಂದು ತಿಳಿಯಲು ಬಹಳ ಹೊತ್ತು ಬೇಕಾಯಿತು.

ಮುಕ್ತಾ ಬಟ್ಟೆ ಬಿಗಿದ ಚೌಕಟ್ಟೊಂದನ್ನು ತಂದು ಅದರ ಗುಂಡಿ ಹಾಕಲು ಕೂತಳು. ಗುಂಡಿ ಕಾಜದೊಳಗೆ ಹೋಗಲೊಲ್ಲದು. ತುಟಿ ಕಚ್ಚಿದಳು, ಬೆವೆತಳು. ಕಲಿಸುವುದೆಂದರೆ ನನಗೆ ಮಗುವಿನ ಕೈ ಹಿಡಿದು ಪಾಟಿಯ ಮೇಲೆ ತಿದ್ದಿಸುವುದು. ನಾನು ಕಲಿತದ್ದೂ ಹಾಗೆಯೇ. ತಡೆಯಲಾಗದೆ ಎದ್ದು ಹೋಗಿ ಚಕಚಕನೆ ಎಲ್ಲ ಗುಂಡಿ ಹಾಕಿಕೊಟ್ಟೆ. ಶಾಭಾಸ್ ಅಂತಲೂ ಅಂದೆ.

ಮುಕ್ತಾ ನನ್ನನ್ನೊಮ್ಮೆ ನೋಡಿ, ಒಂದೊಂದಾಗಿ ಎಲ್ಲವನ್ನೂ ಬಿಚ್ಚಿದಳು. “ಮೌಶಿ, ಯೇ ಮೇರಾ ಕಾಮ್ ಹೈ. ನನ್ನ ಕೆಲಸ, ನಾ ಮಾಡ್ತೀನಿ.” ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಚುಚ್ಚಿತು.

“ಅವಳಿಗೇ ಬಿಡಿ ಮಾರಾಯ್ರೆ” ಎಂದು ಟೀಚರ್ ನನ್ನನ್ನು ಚಾಪೆಗೆ ಅಟ್ಟಿದರು. ಕೊನೆಗೂ ಗುಂಡಿಗಳು ಹೊಕ್ಕವು. ಮುಕ್ತಾ ಯಾರಿಗೂ ತೋರಿಸಲಿಲ್ಲ. ಚೌಕಟ್ಟನ್ನು ಕಪಾಟಿನಲ್ಲಿಟ್ಟು ಬೇರೆ ಕೆಲಸಕ್ಕೆ ಹೋದಳು.

ಮಧ್ಯಾಹ್ನ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಸಾರು ಘಮಘಮಿಸುತ್ತಿತ್ತು, ನನಗೆ ಮಾತ್ರ ರುಚಿ ಹತ್ತಲಿಲ್ಲ. ಗುಂಡಿ ಹಾಕಿದರೆ ಅಕ್ಷರ ಬಂದೀತೇ? ಬರದೇ ಹೋದರೆ ಕೂಸಿನ ವರ್ಷ ಹಾಳಾಗುತ್ತದೆ, ಆ ಪಾಪ ನನಗೆ. ಆದರೆ ನಾನು ಕೈ ಹಿಡಿದು ತಿದ್ದಿಸಿದ ಅಷ್ಟು ಮಕ್ಕಳಲ್ಲಿ ಒಂದಾದರೂ ನನ್ನ ಅಕ್ಷರ ಅಳಿಸಿ, ತಾನೇ ಬರೆಯುತ್ತೇನೆ ಎಂದದ್ದುಂಟೇ? ಎಷ್ಟು ತಡಕಾಡಿದರೂ ಒಂದು ಮುಖವೂ ನೆನಪಾಗಲಿಲ್ಲ.

ಸಂಜೆ ದಾದರಿನಲ್ಲಿ ಸುಜಾತಾ ರೈಲಿನ ಕಿಟಕಿಗೆ ಆತುಕೊಂಡು ಕೇಳಿದಳು, “ಏನ್ ಮಾಡ್ಲಿ ಅಕ್ಕಾ?”

“ಇರಲಿ ಬಿಡು, ಅಲ್ಲೇ ಇರಲಿ” ಎಂದೆ. ಹಾಗೆಂದದ್ದು ನನ್ನ ಬಾಯಿಯೇ ಎಂದು ನನಗೇ ಗಾಬರಿಯಾಯಿತು.

ಅವಳ ಮುಖ ಅರಳಿತು. “ಹಂಗಾದ್ರ ನೀನೂ ನಿನ್ನ ಹುಡುಗ್ರಿಗೆ ಹಿಂಗ ಕಲಸ್ತೀ ಏನು?”

ರೈಲು ಹೊರಟಿತು. ಸೋಮವಾರ ನಮ್ಮ ಶಾಲೆಯ ಇಕ್ಕಟ್ಟಿನ ಕೋಣೆಯಲ್ಲಿ ನನ್ನ ಮಕ್ಕಳು ಪಾಟಿ ಹಿಡಿದು ಸಾಲು ನಿಲ್ಲುತ್ತಾರೆ. “ಟೀಚರ್ರೀ, ನಂದೂ ಕೈ ಹಿಡೀರಿ” ಎನ್ನುತ್ತಾರೆ. ಹಾಗೆ ಕೇಳಲು ಕಲಿಸಿದವಳು ನಾನೇ.