ಗಲ್ಲಾದ ಮೇಲಿನ ಬೋಣಿ ರೂಪಾಯಿ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ, ಸ್ಟೇಷನ್ ಹತ್ತಿರದ ನಮ್ಮ ಹೋಟೆಲಿನ ಗಲ್ಲಾದ ಮೇಲೆ, ದೇವರ ಫೋಟೋದ ಎದುರು, ಕುಂಕುಮ ಮೆತ್ತಿದ ಒಂದು ರೂಪಾಯಿ ನಾಣ್ಯ ಇರುತ್ತಿತ್ತು. ಅಪ್ಪ ಹೋಟೆಲು ತೆರೆದ ದಿನದ ಮೊದಲ ಬೋಣಿ ಅದು. ಶಹಾಡಿನ ಕಾರ್ಖಾನೆಗೆ ಹೋಗುವವನೊಬ್ಬ ಚಹಾ ಕುಡಿದು ಕೊಟ್ಟದ್ದಂತೆ. ಅಪ್ಪ ಅದನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದೆ ಇಟ್ಟವರು ಮತ್ತೆ ಚಿಲ್ಲರೆಗೆ ತೆಗೆಯಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಪ್ರತಿ ಶುಕ್ರವಾರ ಅದಕ್ಕೆ ಕುಂಕುಮ ಹಚ್ಚುವುದು ಅಮ್ಮನ ಕೆಲಸವಾಯಿತು.

ಅದರಲ್ಲಿರುವುದು ಸಂತರೊಬ್ಬರ ಚಿತ್ರ, ಅದು ಸ್ಮರಣಾರ್ಥ ನಾಣ್ಯ ಎಂದು ತೋರಿಸಿಕೊಟ್ಟವರು ಸಾರ್. ಮೈಸೂರಿನವರು, ಬ್ಯಾಂಕಿನಿಂದ ನಿವೃತ್ತರು. ಎಂಟು ವರ್ಷದಿಂದ ದಿನಾ ಗಲ್ಲಾದ ಪಕ್ಕದ ಟೇಬಲಿನಲ್ಲೇ ಅವರ ಕಾಫಿ. ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬೈ ಟಂಕಸಾಲೆಯದು, ನಕ್ಷತ್ರವಿದ್ದರೆ ಹೈದರಾಬಾದಿನದು ಎಂದು ಕಲಿಸಿದವರೂ ಅವರೇ. "ಎಷ್ಟೇ ಕೊಳೆಯಿರಲಿ ಸ್ವಾಮಿ, ತೊಳೀಬೇಡಿ. ತೊಳೆದ್ರೆ ಬೆಲೆ ಹೋಯ್ತು" ಎಂಬುದು ಮೊದಲ ಪಾಠ. ನನಗೂ ಹುಚ್ಚು ಹಿಡಿಯಿತು. ಗಿರಾಕಿ ಕೊಟ್ಟ ಚಿಲ್ಲರೆಯನ್ನೆಲ್ಲ ತಿರುಗಿಸಿ ನೋಡುತ್ತಿದ್ದೆ.

ಒಂದು ದಿನ ಸಾರ್ ಅಂದರು: "ನಿಮ್ಮ ಬೋಣಿದು ನಕ್ಷತ್ರದ್ದು, ಸುಲಭಕ್ಕೆ ಸಿಗಲ್ಲ. ಠಾಣೆ ಪೇಟೇಲಿ ನನಗೆ ಗುರ್ತಿನ ನಾಣ್ಯದ ವ್ಯಾಪಾರಿಯೊಬ್ರಿದ್ದಾರೆ, ಬೆಲೆ ಕೇಳ್ಕೊಂಡು ಬರ್ತೀನಿ."

ಮಾರುವ ಮನಸ್ಸು ಖಂಡಿತ ಇರಲಿಲ್ಲ. ಆದರೆ ಬೆಲೆ ತಿಳಿಯುವ ಚಪಲ ಇತ್ತು, ಸುಳ್ಳು ಯಾಕೆ ಹೇಳಲಿ. ಅಮ್ಮ ಉಡುಪಿಗೆ ಹೋಗಿದ್ದ ವಾರ ನೋಡಿಕೊಂಡು ಕೊಟ್ಟುಬಿಟ್ಟೆ.

ನಾಲ್ಕು ದಿನ ಬಿಟ್ಟು ಸಾರ್ ವಾಪಸು ತಂದರು. ನಾಣ್ಯ ಫಳಫಳ ಹೊಳೆಯುತ್ತಿತ್ತು.

"ಅಂಥಾ ಬೆಲೆಯೇನಿಲ್ವಂತೆ. ಕುಂಕುಮ ತುಂಬ ಮೆತ್ಕೊಂಡಿತ್ತು, ತೊಳೆಸಿಬಿಟ್ಟೆ."

ತೊಳೆಸಿದರಾ? ಇವರಾ? ಇಸವಿಯ ಕೆಳಗೆ ನೋಡಿದೆ. ವಜ್ರ.

"ಸಾರ್, ನಕ್ಷತ್ರ ಇತ್ತಲ್ಲ ಮಾರಾಯ್ರೆ?"

"ನಿಮಗೆಲ್ಲೋ ಭ್ರಮೆ" ಎಂದು, ಕಾಫಿ ಆರಿದೆಯೆಂದು ಇನ್ನೊಂದು ತರಿಸಿಕೊಂಡರು.

ಥೂ! ಬೇರೆ ಯಾರಾದರೂ ಆಗಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದೆ. ಗುರುತು ನೋಡಲು ಕಲಿಸಿದ ಮನುಷ್ಯನೇ ನನ್ನ ಕಣ್ಣಿಗೆ ಮಣ್ಣೆರಚಿದ್ದ. ನನಗೆ ಗೊತ್ತಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ನಾನು ಬಾಯಿ ಬಿಡುವುದಿಲ್ಲ ಎಂಬುದೂ ಗೊತ್ತಿತ್ತು. ಗಲಾಟೆ ಮಾಡಿದರೆ ಅಮ್ಮನ ಕಿವಿಗೆ ಬೀಳುತ್ತದೆ, ದೇವರ ಮುಂದಿನಿಂದ ಎತ್ತಿ ಕೊಟ್ಟವನು ನಾನೇ. ಆ ನಾಣ್ಯವನ್ನೇ ಅಪ್ಪನ ಬೋಣಿಯ ಜಾಗದಲ್ಲಿ ಇಟ್ಟೆ.

ಶುಕ್ರವಾರ ಬೆಳಿಗ್ಗೆ, ಊರಿಂದ ಬಂದಿದ್ದ ಅಮ್ಮ ಕುಂಕುಮದ ಬಟ್ಟಲು ಹಿಡಿದು ಗಲ್ಲಾಕ್ಕೆ ಬಂದರು. ಪಕ್ಕದ ಟೇಬಲಿನಲ್ಲಿ ಸಾರ್ ಇದ್ದರು.

"ಇದೆಂತ ಮಗಾ, ಇಷ್ಟು ಚಂದ ಮಾಡಿದ್ದಿ?"

"ನಾನಲ್ಲ ಅಮ್ಮ, ಸಾರ್ ಮಾಡಿಸಿದ್ದು" ಎಂದೆ, ಅವರ ಮುಖವನ್ನೇ ನೋಡುತ್ತ.

ಅಮ್ಮ ಅದಕ್ಕೆ ಕುಂಕುಮ ಹಚ್ಚಿದರು. ಎರಡೂ ಕಣ್ಣಿಗೆ ಒತ್ತಿಕೊಂಡರು. ಸಾರ್ ಕಡೆ ತಿರುಗಿ, "ಅವರ ನೆನಪಿಗೆ ಇರುವುದು ಇದೊಂದೇ. ಪುಣ್ಯ ಕಟ್ಟಿಕೊಂಡ್ರಿ" ಎಂದು ಕೈಮುಗಿದರು. ಕಾಫಿಗೆ ದುಡ್ಡು ತಗೊಳ್ಳಬೇಡ ಎಂದು ನನಗೆ ಹೇಳಿದರು.

ಸಾರ್ ಬೇಡವೆನ್ನಲಿಲ್ಲ.